ತಂತಿಯ ಆಚೆ

ಭಾವ ಇನ್ನೊಂದು ಶೂ ಹುಡುಕುತ್ತಿದ್ದರು. ಅದು ಅವರ ಕಣ್ಣೆದುರಿಗೇ ಇತ್ತು. ಕಣ್ಣೆದುರಿಗೇ ಇದ್ದದ್ದರಿಂದಲೇ ಕಾಣುತ್ತಿಲ್ಲ ಎಂಬುದು ಬಾಗಿಲಿಗೆ ಒರಗಿ ನಿಂತಿದ್ದ ಅವನಿಗೆ ಗೊತ್ತಿತ್ತು. ಬೀದಿಯಲ್ಲಿ ಯಾರನ್ನೋ ನೋಡುವವನಂತೆ ಮುಖ ಆಚೆ ತಿರುಗಿಸಿ, ಕಾಲಿನ ತುದಿಯಿಂದ ಶೂವನ್ನು ಒಂದು ಗೇಣು ಪಕ್ಕಕ್ಕೆ ತಳ್ಳಿದ. ‘ಹಾಂ, ಇಲ್ಲಿದ್ದಾನೆ ಕಳ್ಳ,’ ಎಂದು ಭಾವ ತಕ್ಷಣ ಅದನ್ನು ಎತ್ತಿಕೊಂಡು ಕಾಲಿಗೇರಿಸಿದರು. ಲೇಸು ಕಟ್ಟುವಾಗ ಅವರಿಗೆ ಕಣ್ಣು ಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಕಾರ್ಖಾನೆಯ ಸೂರಿನಡಿ ಕ್ರೇನಿನ ಗೂಡಿನಲ್ಲಿ ಕೂತು, ಮೂರು ಟನ್ನಿನ ಎರಕವನ್ನು ನೆಲದ ಮೇಲಿನ ಸೀಮೆಸುಣ್ಣದ ಗುರುತಿನ ಮೇಲೆ ಸದ್ದಿಲ್ಲದೆ ಇಳಿಸಿದ ಕೈಗಳು ಅವು. ಅಡುಗೆಮನೆಯಿಂದ ಬಂದ ಅಕ್ಕ ಅವನ ಮಣಿಕಟ್ಟು ಹಿಡಿದು ಒಳಗೆಳೆದುಕೊಂಡಳು. ‘ಇವತ್ತೇ ಅಲ್ವೇನೋ ಕಣ್ಣಿನ ಪರೀಕ್ಷೆ?’ ‘ಹೂಂ.’ ‘ನಿನ್ನೆ ಲೋಟ ಬಿಟ್ಟು ಪಕ್ಕಕ್ಕೆ ನೀರು ಸುರಿದ್ರು ಕಣೋ. ನಾನು ನೋಡೇ ಇಲ್ಲ ಅನ್ನೋ ಹಂಗೆ ಒರೆಸಿದೆ.’ ಅಕ್ಕ ಅವನ ಅಂಗಿಯ ಕಾಲರು ಸರಿಮಾಡುತ್ತ, ‘ಹೋಗ್ಲಿ ಬಿಡು, ಅಲ್ಲಿ ನೀನಿದ್ದೀಯಲ್ಲ, ಇನ್ನೇನು’ ಎಂದಳು. ನೀನಿದ್ದೀಯಲ್ಲ. ಚಿಕ್ಕಂದಿನಿಂದ ಅಕ್ಕ ಯಾವುದಕ್ಕೂ ಅವನನ್ನು ನಂಬಿದವಳಲ್ಲ, ಅಂಗಡಿಗೆ ಕಳಿಸಿದರೆ ಹಿಂದೆಯೇ ಬಂದು ನೋಡುತ್ತಿದ್ದಳು. ಈಗ, ನಂಬಬಾರದ ಹೊತ್ತಿನಲ್ಲಿ, ನಂಬಲು ಶುರುಮಾಡಿದ್ದಾಳೆ.

ಕಾರ್ಖಾನೆಗೆ ಕಾಲು ಗಂಟೆಯ ದಾರಿ. ಭಾವ ಎಂದಿನಂತೆ ಗೋಡೆಯ ಬದಿಗೆ ನಡೆದರು, ಅವನು ರಸ್ತೆಯ ಬದಿಗೆ. ಈ ಏರ್ಪಾಡು ಯಾವಾಗ ಶುರುವಾಯಿತೋ ಇಬ್ಬರೂ ಮಾತಾಡಿದ್ದಿಲ್ಲ. ಮೂಲೆಯ ಪೇಪರ್ ಅಂಗಡಿಯವನಿಗೆ ಭಾವ ಕೂಗಿ ಹೇಳಿದರು, ‘ಕೇಳಿದ್ಯೇನಯ್ಯಾ? ನಮ್ಮ ಗೋಡೆ ಶನಿವಾರ ಕಪ್ ಹೊಡ್ದ! ಕೊನೇ ಬಾಣ, ಡಬಲ್ ಹದಿನಾರು, ಢಮಾರ್!’ ಪೇಪರಿನವನು ನಕ್ಕ. ಅವನೂ ನಕ್ಕ. ಗೋಡೆ ಎಂಬುದು ಕಾರ್ಖಾನೆಯ ಮನರಂಜನಾ ಕೋಣೆಯಲ್ಲಿ ಅವನಿಗೆ ಬಿದ್ದ ಹೆಸರು. ಔಷಧಿ ಕೋಣೆಯ ಕಾಂಪೌಂಡರಾಗಿ ಸೇರಿದ ಹೊಸದರಲ್ಲಿ, ಪಾಳಿ ಮುಗಿದ ಮೇಲೆ ಎಲ್ಲರೂ ಆಡುವ, ದುಂಡು ಬೋರ್ಡಿಗೆ ಪುಟ್ಟ ಬಾಣ ಎಸೆಯುವ ಡಾರ್ಟ್ಸ್ ತಾನೂ ಆಡುತ್ತೇನೆಂದು ಹೋಗಿ ಎಸೆದ ಮೊದಲ ಮೂರು ಬಾಣಗಳಲ್ಲಿ ಒಂದೂ ಬೋರ್ಡಿಗೆ ತಾಗಿರಲಿಲ್ಲ. ಮೂರೂ ಗೋಡೆಗೆ. ಮೂರನೆಯದು ಸುಣ್ಣ ಕಿತ್ತುಕೊಂಡು ಕೆಳಗೆ ಬಿದ್ದಾಗ, ಲೇತ್ ಯಂತ್ರ ನಡೆಸುವ ಲೇತಿನವನು, ‘ಕಾಂಪೌಂಡ್ರೇ, ಗೋಡೆಗೆ ಇಂಜೆಕ್ಷನ್ ಕೊಟ್ರಾ?’ ಎಂದದ್ದಕ್ಕೆ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತ್ತು. ಲೇತಿನವನು ಕೆಟ್ಟವನೇನಲ್ಲ. ನಕ್ಕ ಮೇಲೆ ಅವನೇ ಬಗ್ಗಿ ಬಾಣ ಹೆಕ್ಕಿಕೊಟ್ಟಿದ್ದ. ಆ ಹೆಕ್ಕಿಕೊಟ್ಟದ್ದೇ ನಗುವಿಗಿಂತ ಹೆಚ್ಚು ಚುಚ್ಚಿತ್ತು. ಅವತ್ತು ನಗದೆ ಇದ್ದವರು ಬೋರ್ಡಿನ ಪಕ್ಕದಲ್ಲಿ ಅಂಕ ಕೂಗಲು ನಿಂತಿದ್ದ ಭಾವ ಒಬ್ಬರೇ. ಅವರು ಕಾಣದೆ ನಗಲಿಲ್ಲವೇ, ಕಂಡೂ ನಗಲಿಲ್ಲವೇ ಎಂದು ಈಗ ಕೇಳಿಕೊಳ್ಳುವಂಥ ನೀಚನಾಗಿಬಿಟ್ಟೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾವ ಅವನಿಗೆ ಆಟ ಕಲಿಸಲು ಶುರುಮಾಡಿದ್ದು ಕಳೆದ ವರ್ಷದ ಕಣ್ಣಿನ ಪರೀಕ್ಷೆಯ ಮಾರನೆಯ ದಿನ. ಈ ಎರಡಕ್ಕೂ ಸಂಬಂಧವಿಲ್ಲ ಎಂದು ಅವನು ಒಂದು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಪರೀಕ್ಷೆಯೆಂದರೆ ದೊಡ್ಡದೇನಲ್ಲ. ಔಷಧಿ ಕೋಣೆಯ ಗೋಡೆಯ ಮೇಲೆ ಒಂದು ಹಲಗೆ. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಮೇಲಿನ ಸಾಲಿನಲ್ಲಿ ದೊಡ್ಡದು ಒಂದೇ ಒಂದು, ಕೆಳಗೆ ಕೆಳಗೆ ಚಿಕ್ಕವು, ಒಂದೊಂದರ ಹಲ್ಲು ಒಂದೊಂದು ಕಡೆಗೆ. ಕ್ರೇನಿನವರು ಬಾಗಿಲಾಚೆ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಅವನು ಕೋಲಿನಿಂದ ಗುರುತು ತೋರಿಸಬೇಕು, ಅವರು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎನ್ನಬೇಕು. ವಾರಕ್ಕೊಮ್ಮೆ ಬರುವ ಡಾಕ್ಟರು ಮೇಜಿನ ಹತ್ತಿರ ಕೂತು, ರಿಜಿಸ್ಟರಿನಿಂದ ತಲೆಯೆತ್ತದೆ ‘ಹೂಂ, ಮುಂದೆ’ ಎನ್ನುತ್ತಾರೆ. ಕಳೆದ ವರ್ಷ ಅವನ ಕೈ ತಪ್ಪಿ ಕೋಲು ನಾಲ್ಕನೆಯ ಸಾಲು ಬಿಟ್ಟು ಐದನೆಯದಕ್ಕೆ ಹೋಗಿತ್ತು. ಭಾವ ಮಾತ್ರ ನಾಲ್ಕನೆಯ ಸಾಲನ್ನೇ, ಒಂದೂ ತಪ್ಪದೆ, ಮಗ್ಗಿ ಒಪ್ಪಿಸುವವರಂತೆ ಹೇಳಿಬಿಟ್ಟರು. ‘ಹೂಂ, ಮುಂದೆ,’ ಎಂದರು ಡಾಕ್ಟರು. ಅವನು ಬಾಯಿ ತೆರೆದ, ಮುಚ್ಚಿದ. ರಿಜಿಸ್ಟರಿನಲ್ಲಿ ‘ದೃಷ್ಟಿ ಸರಿಯಿದೆ’ ಎಂದು ಬರೆದಾಯಿತು. ಮಾರನೆಯ ದಿನ ಊಟದ ಹೊತ್ತಿಗೆ ಭಾವ ಒಂದು ಹಳೆಯ ಬೋರ್ಡು ಹೊತ್ತುಕೊಂಡು ಬಂದು ಔಷಧಿ ಕೋಣೆಯ ಬಾಗಿಲ ಹಿಂದೆ ತೂಗುಹಾಕಿ, ‘ಬಾರೋ, ಆ ಹೆಸರು ಅಳಿಸಿ ಹಾಕೋಣ’ ಎಂದಿದ್ದರು. ಅದು ಪ್ರೀತಿಯೇ, ಬಾಯಿ ಮುಚ್ಚಿಸುವ ಲಂಚವೇ? ಪ್ರೀತಿಯೇ ಇರಬೇಕು. ಲಂಚವಾಗಿದ್ದರೆ ಅಷ್ಟು ಬೈಯುತ್ತಿರಲಿಲ್ಲ. ‘ಮೊಣಕೈ ಅಲುಗಿಸ್ಬೇಡ್ವೋ! ಕಲ್ಲು ಬೀಸ್ತಿದ್ದೀಯಾ? ಭುಜ ಸುಮ್ನಿರ್ಲಿ, ಮೊಣಕೈ ಸುಮ್ನಿರ್ಲಿ, ಮುಂಗೈ ಒಂದು ಹೋಗಿ ಬರ್ಲಿ. ಬಾಣ ಬಿಟ್ಟ ಮೇಲೂ ಕೈ ಅಲ್ಲೇ ಇರ್ಲಿ, ಅದಕ್ಕೆ ದಾರಿ ತೋರ್ಸೋ ಹಂಗೆ. ಬಾಣದ ಹಿಂದೆ ಕಣ್ಣು ಓಡಿಸ್ಬೇಡ, ಅದೇನು ನಿನ್ನ ಬಿಟ್ಟು ಓಡಿಹೋಗಲ್ಲ.’

ದಿನಕ್ಕೆ ನೂರು ಬಾಣ. ಮೊದಲ ತಿಂಗಳು ಬರೀ ಬೋರ್ಡಿನ ಇಪ್ಪತ್ತರ ಮನೆಗೆ. ಆಮೇಲೆ ಹತ್ತೊಂಬತ್ತಕ್ಕೆ. ಆಮೇಲೆ ಬೋರ್ಡಿನ ಅಂಚಿನಲ್ಲಿ ಸುತ್ತ ಹರಿಯುವ, ಬೆರಳಿಗಿಂತ ಸಪೂರವಾದ, ಅಂಕ ಎರಡು ಪಟ್ಟಾಗುವ ಡಬಲ್ ಪಟ್ಟಿಗೆ. ಐನೂರ ಒಂದರಿಂದ ಇಳಿಯುತ್ತ ಬಂದು ಕೊನೆಯ ಬಾಣ ಆ ಪಟ್ಟಿಯಲ್ಲೇ ಬಿದ್ದು ಲೆಕ್ಕ ಸೊನ್ನೆಯಾದರೆ ಗೆದ್ದಂತೆ. ಪಟ್ಟಿಯ ಹೊರತಂತಿ ದಾಟಿದರೆ ಬಾಣ ಹಾಳು. ಆಶ್ಚರ್ಯವೆಂದರೆ ಅವನು ಸುಧಾರಿಸಿದ, ನಿಜವಾಗಿಯೂ ಸುಧಾರಿಸಿದ. ಮೊಣಕೈ ಒಂದು ದಿನ ತಾನಾಗಿ ಸುಮ್ಮನಾಯಿತು. ಬಾಣಗಳು ಒಂದರ ಪಕ್ಕ ಒಂದು ಬಂದು ನಿಲ್ಲತೊಡಗಿದವು. ರೋಗಿಗಳಿಗೆ ಸೂಜಿ ಚುಚ್ಚುವ ಕೈಯೂ ಹಗುರಾಯಿತೆಂದು ಹೇಳಿದವರಿದ್ದರು. ಭಾವ ಬೋರ್ಡಿನ ಪಕ್ಕದಲ್ಲಿ ಮುಖ ಸ್ವಲ್ಪ ವಾರೆ ಮಾಡಿ ನಿಂತು ‘ಇಪ್ಪತ್ತು! ಐದು, ಥೂ! ಇಪ್ಪತ್ತು!’ ಎಂದು ಕೂಗುತ್ತಿದ್ದರು, ಒಮ್ಮೆಯೂ ತಪ್ಪದೆ. ಒಂದು ಮಧ್ಯಾಹ್ನ ಕರೆಂಟು ಹೋಗಿ ಕೋಣೆಯೆಲ್ಲ ಬೇಯುತ್ತಿತ್ತು. ಅವನು ಎಸೆದ ಬಾಣ ಇಪ್ಪತ್ತನ್ನು ಬಿಟ್ಟು ಪಕ್ಕದ ಐದಕ್ಕೆ ಬಿತ್ತು. ಅದೇ ಗಳಿಗೆಗೆ ಫ್ಯಾನು ತಿರುಗತೊಡಗಿ, ಬೆವರಿದ ಕುತ್ತಿಗೆಗೆ ಗಾಳಿ ತಾಗಿ ಅವನು ‘ಹಾ’ ಎಂದು ಉಸಿರು ಬಿಟ್ಟ. ‘ಇಪ್ಪತ್ತು! ಭೇಷ್!’ ಎಂದು ಭಾವ ಕೂಗಿದರು. ಅವನು ಬಾಣದ ಕಡೆ ನೋಡಿದ, ಭಾವನ ಮುಖದ ಕಡೆ ನೋಡಿದ. ಅಂದರೆ ಇಷ್ಟು ತಿಂಗಳೂ ಅವರು ಬೋರ್ಡು ಓದುತ್ತಿರಲಿಲ್ಲ, ಅವನ ಉಸಿರು ಓದುತ್ತಿದ್ದರು. ತಾಗಿದರೆ ಒಂದು ಥರ, ಎಡಕ್ಕೆ ತಪ್ಪಿದರೆ ಒಂದು ಥರ, ಬಲಕ್ಕೆ ತಪ್ಪಿದರೆ ಇನ್ನೊಂದು ಥರ, ಅವನಿಗೇ ಗೊತ್ತಿಲ್ಲದ ಅವನ ಸದ್ದುಗಳನ್ನೆಲ್ಲ ಕಲಿತುಕೊಂಡಿದ್ದರು. ಮಾರನೆಯ ವಾರ ನಲ್ಲಿಯಿಂದ ನೀರು ಹಿಡಿದು ವಾಪಸು ಬಂದಾಗ, ಭಾವ ಆ ಬಾಚಣಿಗೆ ಹಲಗೆಗೆ ಕಿವಿ ತಾಗುವಷ್ಟು ಹತ್ತಿರ ನಿಂತು, ಓರೆಗಣ್ಣಿನಲ್ಲಿ ನೋಡುತ್ತ, ತುಟಿ ಅಲ್ಲಾಡಿಸುತ್ತಿದ್ದುದನ್ನು ಕಂಡ. ಮೇಲೆ, ಎಡಕ್ಕೆ, ಎಡಕ್ಕೆ, ಕೆಳಗೆ. ಅವನು ಬಂದಷ್ಟೇ ಮೆಲ್ಲಗೆ ಹಿಂದೆ ಸರಿದು, ಓಣಿಯಲ್ಲಿ ಬೇಕಂತಲೇ ಕೆಮ್ಮಿ, ಮತ್ತೆ ಒಳಗೆ ಬಂದಿದ್ದ.

ಕಾರ್ಖಾನೆಯ ಗೇಟಿನಲ್ಲಿ ಭಾವ ಬೇರೆಯಾಗುತ್ತ, ‘ಹನ್ನೊಂದಕ್ಕೆ ಅಲ್ವಾ ನಂದು?’ ಎಂದರು. ‘ಹನ್ನೊಂದಕ್ಕೆ.’ ‘ಬರ್ತೀನಿ. ಕೋಲು ಗಟ್ಟಿ ಹಿಡ್ಕೋ ಮಾರಾಯ,’ ಎಂದು ನಕ್ಕು, ಹಳದಿ ಟೋಪಿ ಹಾಕಿಕೊಂಡು ಹೋದರು. ಅದು ತಮಾಷೆಯೇ, ಬೇಡಿಕೆಯೇ? ಇತ್ತೀಚೆಗೆ ಯಾರು ಏನು ಹೇಳಿದರೂ ಅವನಿಗೆ ಅದರ ಹೊಟ್ಟೆ ಸೀಳಿ ನೋಡುವ ಚಟ. ಔಷಧಿ ಕೋಣೆಯ ಬೀಗ ತೆಗೆದ. ಗಾಜಿನ ಬೀರುವಿನ ಮೇಲೆ, ಬ್ಯಾಂಡೇಜು ಸುರುಳಿಗಳ ಪಕ್ಕದಲ್ಲಿ, ಶನಿವಾರ ಗೆದ್ದ ಕಪ್. ಅದಕ್ಕೊಂದು ಟವೆಲು ಹೊದಿಸಿದ. ಹೊದಿಸಿದ ಮೇಲೆ ಇನ್ನಷ್ಟು ದೊಡ್ಡದಾಗಿ ಕಂಡಿತು, ತೆಗೆದ.

ಶನಿವಾರ ಫೈನಲ್ಲಿಗೆ ಅಂಕ ಕೂಗಲು ಯಾರು ನಿಲ್ಲಬೇಕೆಂಬ ಮಾತು ಬಂದಾಗ, ಕಾಂಪೌಂಡರ ಭಾವನೇ ನಿಂತರೆ ಹೇಗೆ ಎಂದು ಯಾರೋ ಗೊಣಗಿದ್ದರು. ಎದುರಾಳಿಯಾದ ಲೇತಿನವನೇ, ‘ಏ ಸುಮ್ನಿರ್ರೋ, ಭಾವ ಸ್ವಂತ ಮಗನಿಗೂ ಅರ್ಧ ಅಂಕ ಜಾಸ್ತಿ ಕೊಡೋರಲ್ಲ. ಅವರೇ ನಿಂತ್ಕೊಳ್ಳಲಿ’ ಎಂದಿದ್ದ. ಕಾಂಪೌಂಡರ ಬಾಯಲ್ಲಿ ಕೇಳಿ ಕೇಳಿ ಅರ್ಧ ಕಾರ್ಖಾನೆಗೆ ಅವರು ಭಾವನೇ ಆಗಿದ್ದರು. ಬೋರ್ಡಿನ ಪಕ್ಕದಲ್ಲಿ ನಿಂತವರ ಮಾತೇ ಕೊನೆ, ಅದು ಆ ಕೋಣೆಯ ನಿಯಮ. ಅವರು ಕೂಗುವ ತನಕ ಯಾರೂ ಗೆರೆ ದಾಟುವಂತಿಲ್ಲ, ಕೂಗಿದ ಮೇಲೆ ಎಸೆದವನೇ ಹೋಗಿ ಬಾಣ ಕೀಳಬೇಕು. ಲೇತಿನವನ ಅಂಕಗಳನ್ನು ಭಾವ ಅವನ ಗೆಳೆಯರ ಗದ್ದಲದಿಂದಲೇ ಹಿಡಿಯುತ್ತಿದ್ದರು. ಕೊನೆಗೆ ಕಾಂಪೌಂಡರಿಗೆ ಉಳಿದದ್ದು ಮೂವತ್ತೆರಡು. ಡಬಲ್ ಹದಿನಾರು ಬೇಕು, ಬೋರ್ಡಿನ ಎಡಗಡೆ ಕೆಳಗೆ. ಲೇತಿನವನಿಗೆ ಉಳಿದದ್ದು ಬರೀ ಎಂಟು, ಮುಂದಿನ ಸರದಿಯಲ್ಲಿ ಖಂಡಿತ ಮುಗಿಸುತ್ತಿದ್ದ. ಮೊದಲ ಬಾಣ ತಪ್ಪಿತು. ಎರಡನೆಯದೂ. ಮೂರನೆಯದನ್ನು ಬಿಟ್ಟ. ಮೊಣಕೈ ಅಲುಗಲಿಲ್ಲ, ಕೈ ಅಲ್ಲೇ ನಿಂತಿತ್ತು, ಎಲ್ಲವೂ ಭಾವ ಕಲಿಸಿದ ಹಾಗೇ ಇತ್ತು, ಆದರೂ ಬಾಣ ಹೊರತಂತಿಗೆ ಒತ್ತಿಕೊಂಡು, ತಂತಿಯ ಆಚೆ ಕುಳಿತಿತು. ಅವನಿಗೆ ಕಂಡಿತು. ಆಮೇಲೆ ಅವನು ‘ಹಾ’ ಎಂದ. ತಾನಾಗಿ ಬಂತು ಎಂದು ಶನಿವಾರದಿಂದ ಇಂದಿನ ಮಂಗಳವಾರದವರೆಗೆ ಅವನು ಹೇಳಿಕೊಂಡಿದ್ದಾನೆ. ತಾನಾಗಿ ಬರಲಿಲ್ಲ. ಕಂಡದ್ದಕ್ಕೂ ಉಸಿರಿಗೂ ನಡುವೆ ಉಗುಳು ನುಂಗುವಷ್ಟು ಹೊತ್ತಿತ್ತು, ಅಷ್ಟು ಹೊತ್ತಿನಲ್ಲಿ ಅವನಿಗೆ ಸುಣ್ಣ ಕಿತ್ತ ಗೋಡೆ, ಬಗ್ಗಿ ಬಾಣ ಹೆಕ್ಕುವ ಲೇತಿನವನ ಬೆನ್ನು, ಎಲ್ಲ ನೆನಪಾಗಿತ್ತು. ಕಿವಿ ಇತ್ತ ಕೊಟ್ಟು ನಿಂತಿದ್ದ ಭಾವ ಕೈಯೆತ್ತಿ ‘ಡಬಲ್ ಹದಿನಾರು! ಆಟ ಮುಗೀತು!’ ಎಂದು ಕಿರುಚಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಅವನು ಓಡಿಹೋಗಿ, ಬೆನ್ನಿನಿಂದ ಬೋರ್ಡು ಮರೆಮಾಡಿ, ಎಲ್ಲಕ್ಕಿಂತ ಮೊದಲು ಆ ಬಾಣವನ್ನೇ ಕಿತ್ತ.

ಹತ್ತು ಗಂಟೆಗೆ ಲೇತಿನವನು ಬೆರಳು ಕೊಯ್ದುಕೊಂಡು ಬಂದ. ‘ಚಾಂಪಿಯನ್ರೇ, ಸ್ವಲ್ಪ ಇದನ್ನ ನೋಡಿ.’ ಗಾಯ ತೊಳೆದು ಪಟ್ಟಿ ಸುತ್ತುವಾಗ ಲೇತಿನವನು ಬೀರುವಿನ ಮೇಲಿನ ಕಪ್ ನೋಡಿ ಮನಸಾರೆ ಹೇಳಿದ, ‘ಏನೇ ಹೇಳಿ, ಶನಿವಾರ ಒಳ್ಳೇ ಏಟು ಕೊಟ್ರಿ. ಮನೇಲೂ ಹೇಳ್ದೆ. ಒಂದು ವರ್ಷ ಮನುಷ್ಯ ಹಟ ಹಿಡಿದ್ರೆ ಏನಾಗ್ಬಹುದು ನೋಡಿ ಅಂತ.’ ಅವನು ಪಟ್ಟಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದ. ‘ಆಯ್ ಆಯ್, ಮೆಲ್ಲಗೆ ಸಾರ್.’ ‘ಕ್ಷಮಿಸಿ.’ ಲೇತಿನವನು ಏಳುತ್ತ, ದನಿ ತಗ್ಗಿಸಿ, ‘ಒಂದು ಮಾತು. ಭಾವನಿಗೆ ಏನಾದ್ರೂ ನಿದ್ದೆಗಿದ್ದೆ ಕಮ್ಮಿಯಾಗಿದೆಯಾ? ಹೋದ ತಿಂಗಳು ಕ್ರೇನಿನ ಕೊಕ್ಕೆ ಇಳಿಸಿದ್ರಲ್ಲ, ನನ್ನ ಕೈಗಾಡಿ ಹಿಡಿ ಮುರೀತು. ನಾನು ಆಗಷ್ಟೇ ಕೈ ಒರೆಸೋ ಕಾಟನ್ ತಗೊಳ್ಳೋಕೆ ಅಂತ ಈಚೆ ಬಂದಿದ್ದೆ. ಯಾರಿಗೂ ಹೇಳ್ಲಿಲ್ಲ ನಾನು. ಭಾವ ಅಲ್ವಾ, ಹೇಗೆ ಹೇಳೋದು.’ ಹೋಗುವಾಗ ಬಾಗಿಲಲ್ಲಿ ತಿರುಗಿ, ‘ಇವತ್ತು ಪರೀಕ್ಷೆ ಮಾಡ್ತೀರಲ್ಲ, ಸರಿ ಬಿಡಿ. ನೀವೇ ಇದ್ದೀರಲ್ಲ’ ಎಂದ.

ನೀವೇ ಇದ್ದೀರಲ್ಲ. ಯಾವ ಮನುಷ್ಯನಿಗೆ ಮೋಸ ಮಾಡಿ ಕಪ್ ತಂದಿಟ್ಟನೋ ಅದೇ ಮನುಷ್ಯನ ತಲೆಯ ಮೇಲೆ ಆ ಕೊಕ್ಕೆ ತೂಗುತ್ತಿದೆ, ದಿನಕ್ಕೆ ಎಂಟು ಗಂಟೆ. ಅವನು ಪರೀಕ್ಷೆಯ ಹಲಗೆಯ ಹತ್ತಿರ ಹೋದ. ಅದಕ್ಕೆ ಹಿಂಬದಿಯೂ ಇದೆ, ಬೇರೆ ಅನುಕ್ರಮದ್ದು. ಕೊಂಡಾಗಿನಿಂದ ಯಾರೂ ತಿರುಗಿಸಿದವರಿಲ್ಲ. ತಿರುಗಿಸಿದರೆ ಭಾವನ ಅನ್ನಕ್ಕೆ ಕಲ್ಲು ಹಾಕಿದಂತೆ. ಸ್ಟೋರಿನಲ್ಲಿ ಸ್ಟೂಲು ಹಾಕಿ ಕೂರಿಸುತ್ತಾರೆ, ನಟ್ಟು ಬೋಲ್ಟು ಬೇರೆಮಾಡಲು. ಮೂರು ಟನ್ನು ಎತ್ತಿದ ಕೈಗೆ ನಟ್ಟು ಬೋಲ್ಟು. ಅಕ್ಕ ಏನೂ ಅನ್ನುವುದಿಲ್ಲ, ಅವಳು ಅನ್ನದೆ ಇರುವುದನ್ನು ತಾನು ಜೀವಮಾನವೆಲ್ಲ ಕೇಳುತ್ತಿರಬೇಕು. ತಿರುಗಿಸದಿದ್ದರೆ, ಲೇತಿನವನು ಪ್ರತಿ ಸಲವೂ ಕಾಟನ್ನಿಗೆ ಬರುವುದಿಲ್ಲ. ಇದರಲ್ಲಿ ಯೋಚಿಸುವುದಕ್ಕೇನಿದೆ? ಆದರೂ ಯೋಚಿಸಿದ. ಇಷ್ಟಕ್ಕೂ ಇದು ನ್ಯಾಯವೇ, ಅಥವಾ ತನ್ನ ಶನಿವಾರದ ಕೊಳೆಯನ್ನು ತೊಳೆದುಕೊಳ್ಳಲು ಭಾವನನ್ನೇ ನೀರಿನಂತೆ ಚೆಲ್ಲುವುದೇ? ಡಾಕ್ಟರ ಕಾರಿನ ಸದ್ದಾಯಿತು. ಮೊಳೆಯಿಂದ ಹಲಗೆ ಬಿಡಿಸಿ, ತಿರುಗಿಸಿ, ತೂಗುಹಾಕಿದ. ಹಿಂಬದಿ ಹೊಚ್ಚ ಹೊಸದಾಗಿತ್ತು, ಧೂಳು ಮಾತ್ರ ಒರೆಸಬೇಕಾಯಿತು.

ಭಾವ ಹನ್ನೊಂದಕ್ಕೆ ಸರಿಯಾಗಿ ಬಂದು ಓಣಿಯ ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ‘ಶುರುಮಾಡಿ,’ ಎಂದರು ಡಾಕ್ಟರು, ಪೆನ್ನಿನ ಮುಚ್ಚಳ ತೆಗೆಯುತ್ತ. ಕೋಲು ಮೊದಲ ಸಾಲಿನ ದೊಡ್ಡ ಗುರುತಿಗೆ ಹೋಯಿತು. ಹಲ್ಲು ಬಲಕ್ಕಿದ್ದವು. ‘ಮೇಲೆ,’ ಎಂದರು ಭಾವ ಗಟ್ಟಿಯಾಗಿ. ‘ಹೂಂ, ಮುಂದೆ,’ ಎಂದರು ಡಾಕ್ಟರು. ಅವನ ಉಸಿರು ನಿಂತಿತು. ಓಣಿಯಲ್ಲಿ ಭಾವನ ತಲೆ ಒಂದಿಷ್ಟು ಎದ್ದಿತು. ಕೋಲು ಎರಡನೆಯ ಸಾಲಿಗೆ ಇಳಿಯಿತು. ‘ಎಡಕ್ಕೆ,’ ಎಂದು ಮಾತು ನಿಲ್ಲಿಸಿದರು ಭಾವ. ಕಾದರು. ‘ಅಲ್ಲ... ಕೆಳಗೆ.’ ಕಾದರು. ಮುಖ ವಾರೆ ಮಾಡಿ, ಕಿವಿ ಇತ್ತ ಕೊಟ್ಟಿದ್ದರು, ಶನಿವಾರ ಬೋರ್ಡಿನ ಪಕ್ಕದಲ್ಲಿ ನಿಂತಿದ್ದ ಹಾಗೆಯೇ. ‘ಬಲಕ್ಕೆ?’ ಅವನಿಗೆ ಅರ್ಥವಾಯಿತು. ಅವರು ಡಾಕ್ಟರಿಗೆ ಉತ್ತರ ಹೇಳುತ್ತಿಲ್ಲ, ತನ್ನನ್ನು ಕೇಳುತ್ತಿದ್ದಾರೆ. ಒಂದೇ ಒಂದು ‘ಹಾ’ ಸಾಕು. ಸರಿಯಾದ ಜಾಗದಲ್ಲಿ ಒಂದೊಂದು ಉಸಿರು ಬಿಟ್ಟರೆ ಏಳು ಸಾಲನ್ನೂ ಅವರು ಓದಿ ಮುಗಿಸುತ್ತಾರೆ. ಶನಿವಾರ ತನಗಾಗಿ ಬಿಟ್ಟ ಉಸಿರನ್ನು ಇವತ್ತು ಅವರಿಗಾಗಿ ಬಿಡಲಾರೆನೆ? ಉಸಿರು ಬಿಗಿಹಿಡಿದ.

ಡಾಕ್ಟರು ತಲೆಯೆತ್ತಿ ಹಲಗೆ ನೋಡಿದರು, ಭಾವನನ್ನು ನೋಡಿದರು. ‘ಏನ್ರೀ, ಇದು ಕಾಣ್ತಿಲ್ವಾ?’

‘ತಿರುಗಿಸಿದ್ದೀಯೇನೋ?’ ಎಂದರು ಭಾವ. ಡಾಕ್ಟರಿಗಲ್ಲ.

‘ಹೂಂ ಭಾವ.’ ಆಮೇಲೆ, ಇನ್ನು ತಡೆಯಲಾರದೆ, ಅವನೆಂದ, ‘ಶನಿವಾರದ ಬಾಣ ತಂತಿಯ ಆಚೆ ಇತ್ತು.’

ದೂರದಲ್ಲಿ ಲೇತು ತಿರುಗುವ ಸದ್ದು ಕೇಳುತ್ತಿತ್ತು. ‘ಎಷ್ಟು ಆಚೆ?’ ಎಂದರು ಭಾವ.

‘ಒಂದು ಕೂದಲೆಳೆ.’

‘ನಿನಗೆ ಕಂಡಿತ್ತಾ?’

‘ಕಂಡಿತ್ತು.’

‘ಕಂಡ ಮೇಲೆ ಉಸಿರು ಬಿಟ್ಟೆ.’

‘ಹೂಂ.’

ಭಾವ ಟೋಪಿಯನ್ನು ತೊಡೆಯ ಮೇಲೆ ಒಂದು ಸುತ್ತು ತಿರುಗಿಸಿದರು. ‘ಈ ಹಲಗೆ ತಿರುಗಿಸಿದ್ದಕ್ಕೆ ನನಗೆ ಬೇಜಾರಿಲ್ಲ ಕಣೋ. ಆ ಕೈಗಾಡಿ ಮುರಿದ ದಿನದಿಂದ ನಾನೇ ಇಳಿದುಬಿಡ್ಬೇಕು ಅಂದ್ಕೊಳ್ತಿದ್ದೆ, ಕಾಲು ಬರ್ಲಿಲ್ಲ. ಆದ್ರೆ ನೋಡಿದ್ದೆಲ್ಲ ಕಳೆದುಹೋದ ಮೇಲೆ ನಾನು ನಂಬಿದ್ದು ಒಂದೇ ಒಂದು, ನಿನ್ನ ಉಸಿರು. ಅದರಲ್ಲೂ ಕಲಬೆರಕೆ ಮಾಡಿಬಿಟ್ಯಲ್ಲೋ.’ ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

‘ಏನ್ರೀ ನಿಮ್ಮದು, ಬಾಣ ಗೀಣ?’ ಎಂದರು ಡಾಕ್ಟರು. ‘ನಾನೇನು ಬರ್ಕೊಳ್ಳಲಿ?’

‘ಬರ್ಕೊಳ್ಳಿ ಡಾಕ್ಟ್ರೇ,’ ಎಂದು ಭಾವ ಎದ್ದು ನಿಂತರು. ‘ಕಾಣ್ಸಲ್ಲ. ನೋಡಿದ ಕಡೆ ಏನೂ ಇಲ್ಲ, ಪಕ್ಕದಲ್ಲೆಲ್ಲ ಇದೆ. ಮೂರು ವರ್ಷವಾಯ್ತು.’

ಡಾಕ್ಟರು ಬರೆದರು. ಪೆನ್ನಿನ ಸದ್ದು ನಿಂತ ಮೇಲೆ ಅವನು ಬೀರುವಿನ ಮೇಲಿಂದ ಕಪ್ ಇಳಿಸಿ, ಎಡಗೈಯಲ್ಲಿ ಹಿಡಿದು ಓಣಿಗೆ ಬಂದ. ‘ಲೇತಿಗೆ ಹೋಗ್ತಿದ್ದೀನಿ ಭಾವ. ಕೊಟ್ಟು, ಹೇಳಿ ಬರ್ತೀನಿ.’ ಭಾವ ಗೋಡೆ ಹಿಡಿದು ಹೊರಟರು. ಓಣಿಯ ಕೊನೆಯಲ್ಲಿ ಗೋಡೆ ಮುಗಿದು ಕಾರ್ಖಾನೆಯ ಅಂಗಳ ಶುರುವಾಗುತ್ತದೆ, ಗಾಡಿಗಳು, ಜನ, ಬೆಳಕು. ಅಲ್ಲಿ ಅವರು ನಿಂತರು. ಅವನು ಪಕ್ಕದಲ್ಲಿ ಬಂದು ನಿಂತ. ಹಿಡಿದುಕೊಳ್ಳಿ ಎನ್ನುವ ಮುಖ ಅವನಿಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭಾವನ ಕೈ ಗಾಳಿಯಲ್ಲಿ ತಡಕಾಡಿ ಅವನ ಬಲಗೈಯನ್ನು, ಮೊಣಕೈಯ ಹತ್ತಿರ, ಹಿಡಿಯಿತು. ಅವನ ಮೊಣಕೈ ಸುಮ್ಮನಿರಲಿಲ್ಲ.

‘ಮೊಣಕೈ ಅಲುಗಿಸ್ಬೇಡ್ವೋ,’ ಎಂದರು ಭಾವ. ‘ನಡಿ, ನಾನೂ ಬರ್ತೀನಿ. ಅವತ್ತು ತಪ್ಪು ಕೂಗಿದವನು ನಾನಲ್ವಾ.’